ತೆಳು ಅಲಗಿನ ಮಡಚುವ ಚಾಕು: ದಿನದ ಸಣ್ಣ ಕೆಲಸಗಳಿಗೆ ಬಳಸುವ ಕ್ರಮ

ತೆಳ್ಳಗಿನ ಮಡಚುವ ಚಾಕು ಕೊಂಡವರು ಹೇಳುವ ದೂರುಗಳು ಹೆಚ್ಚು ಕಡಿಮೆ ಒಂದೇ. ಮೊನೆ ಮುರಿಯಿತು. ಮಳೆ ಶುರುವಾದ ಮೇಲೆ ಅಲಗು ಹೊರಗೇ ಬರುತ್ತಿಲ್ಲ. ಮುಚ್ಚುವಾಗ ಬೆರಳು ಕುಯ್ದುಕೊಂಡೆ. ನಾಲ್ಕು ಪಾರ್ಸೆಲ್ ಬಿಚ್ಚುವಷ್ಟರಲ್ಲಿ ಹರಿತ ಹೋಯಿತು. ಇವುಗಳಲ್ಲಿ ಬಹುಪಾಲು ಆಗುವುದು ಒಂದೇ ಕಾರಣಕ್ಕೆ. ಅಲಗಿನಿಂದ ಆಗಬೇಕಾದ ಕೆಲಸವನ್ನು ನಾವು ತೋಳಿನ ಬಲದಿಂದ ಮಾಡಿಸಲು ಹೋಗುತ್ತೇವೆ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಫ್ರಾನ್ಸಿನ ಒಪಿನೆಲ್ ಚಾಕು, ಅದರಲ್ಲೂ ಅದರ ಸ್ಲಿಮ್ ಮಾದರಿ. ನಮ್ಮಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮರದ ಹಿಡಿ, ಮಡಚುವ ಅಲಗು, ಕುತ್ತಿಗೆಯಲ್ಲಿ ತಿರುಗುವ ಉಕ್ಕಿನ ಉಂಗುರ, ಅಷ್ಟೇ. ನಿಮ್ಮದು ಬೇರೆ ಕಂಪನಿಯ, ಉಂಗುರ ಇಲ್ಲದ ಚಾಕುವಾದರೂ ಲಾಕ್ ಬಿಟ್ಟು ಉಳಿದದ್ದೆಲ್ಲ ಹಾಗೇ ಅನ್ವಯಿಸುತ್ತದೆ.

## ಮೊದಲು ಸಾಮಾನು ಹೊಂದಿಸಿಕೊಳ್ಳಿ

ಚಾಕು ಒಂದೇ ಸಾಲದು. 1000 ಗ್ರಿಟ್‌ನ ಸಾಣೆ ಕಲ್ಲು, ಹಳೆಯ ಚರ್ಮದ ಬೆಲ್ಟ್, ಹತ್ತಿ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಶ್, ಸ್ವಲ್ಪ ಎಣ್ಣೆ, 240 ಮತ್ತು 400 ನಂಬರಿನ ಮರಳು ಕಾಗದ, ಒಂದು ಸಣ್ಣ ಮರದ ಹಲಗೆ. ಇದರ ಜೊತೆ ಬ್ಯಾಂಡ್‌ಏಡ್ ಇರಲಿ.

ಕೊಳ್ಳುವಾಗ ಉದ್ದಕ್ಕೆ ಆಸೆ ಪಡಬೇಡಿ. ಅಲಗು 8 ಸೆಂಟಿಮೀಟರ್ ಆಸುಪಾಸು ಇದ್ದರೆ ಹಣ್ಣು, ದಾರ, ಕಾಗದ ಎಲ್ಲಕ್ಕೂ ಸಾಕು. 10 ಸೆಂಟಿಮೀಟರ್ ದಾಟಿದರೆ ಜೇಬಿನಲ್ಲಿ ಚುಚ್ಚುತ್ತದೆ, ಸಣ್ಣ ಕೆಲಸದಲ್ಲಿ ಮೊನೆ ಹಿಡಿತಕ್ಕೆ ಬರುವುದಿಲ್ಲ. ಕರಾವಳಿ, ಮಲೆನಾಡಿನವರು ಸ್ಟೇನ್‌ಲೆಸ್ ಅಲಗನ್ನೇ ತೆಗೆದುಕೊಳ್ಳಿ. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ ನಿಜ. ಆದರೆ ಮಾವಿನಕಾಯಿ, ನಿಂಬೆ ಕೊಯ್ದು ಹಾಗೇ ಇಟ್ಟರೆ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ, ಒದ್ದೆ ಇಟ್ಟರೆ ತುಕ್ಕು. ಕಪ್ಪು, ಬೂದು ಬಣ್ಣ ಕೂತರೆ ಹೆದರಬೇಕಿಲ್ಲ. ಕೆಂಪು ಪುಡಿ ಕಂಡರೆ ಮಾತ್ರ ತಕ್ಷಣ ಉಜ್ಜಿ ತೆಗೆಯಬೇಕು.

## ಹಂತ 1: ಬಳಸುವ ಮುನ್ನ ತಪಾಸಣೆ

ಹೊಸ ಚಾಕು ತೆಗೆದ ಕೂಡಲೇ ಹಣ್ಣು ಕೊಯ್ಯಬೇಡಿ. ಅಲಗಿನ ಮೇಲೆ ಎಣ್ಣೆಯ ಪಸೆ ಇರಬಹುದು. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಒರೆಸುವಾಗ ಬಟ್ಟೆ ಅಲಗಿನ ಬೆನ್ನಿನ ಕಡೆಯಿಂದ ಹಿಡಿದಿರಲಿ.

ಆಮೇಲೆ ಮೂರು ವಿಷಯ ನೋಡಿ. ಮಡಚಿದಾಗ ಅಲಗು ಹಿಡಿಯ ಸೀಳಿನ ನಡುವೆ ಕೂರುತ್ತದೆಯೇ, ಒಂದು ಪಕ್ಕಕ್ಕೆ ಉಜ್ಜುತ್ತದೆಯೇ? ಬಿಡಿಸಿ ಲಾಕ್ ಮಾಡಿದ ಮೇಲೆ ಬೆನ್ನನ್ನು ಮೆಲ್ಲಗೆ ಒತ್ತಿದರೆ ಅಲಗು ಅಲುಗಾಡುತ್ತದೆಯೇ? ಹಳೆಯ ಪತ್ರಿಕೆಯ ಅಂಚನ್ನು ಮೇಲಿನಿಂದ ಕೆಳಗೆ ಎಳೆದು ಕತ್ತರಿಸಿದರೆ ನಯವಾಗಿ ಸೀಳುತ್ತದೆಯೇ? ಲಾಕ್ ನಿಲ್ಲದಿದ್ದರೆ ವಾಪಸ್ ಕೊಡಿ. ಉಳಿದೆರಡನ್ನು ಮನೆಯಲ್ಲೇ ಸರಿಮಾಡಬಹುದು.

## ಹಂತ 2: ತೆರೆಯುವುದು, ಲಾಕ್ ಮಾಡುವುದು, ಮುಚ್ಚುವುದು

ಬೆರಳು ಕುಯ್ದುಕೊಳ್ಳುವುದು ಕೊಯ್ಯುವಾಗ ಮಾತ್ರ ಅಲ್ಲ, ಮುಚ್ಚುವಾಗಲೂ ಆಗುತ್ತದೆ. ಅದಕ್ಕೇ ಈ ಹಂತವನ್ನು ಏನೂ ಕೊಯ್ಯದೆ, ಕೂತಲ್ಲೇ, ಕೈಗೆ ಅಭ್ಯಾಸ ಆಗುವವರೆಗೆ ಮಾಡಿ.

ತೆರೆಯಲು ಎರಡು ಕೈ ಬೇಕು. ಉಂಗುರದ ಬಾಯಿ, ಅಂದರೆ ಅದರಲ್ಲಿ ಬಿಟ್ಟಿರುವ ತೆರಪು, ಹಿಡಿಯ ಸೀಳಿಗೆ ನೇರವಾಗಿ ಬರುವಂತೆ ತಿರುಗಿಸಿ. ಹಿಡಿಯನ್ನು ಒಂದು ಕೈಯಲ್ಲಿ ಪಕ್ಕಗಳಿಂದ ಹಿಡಿಯಿರಿ. ಬೆರಳುಗಳು ಸೀಳಿನ ಮೇಲೆ ಬಾಗಿರಬಾರದು. ಇನ್ನೊಂದು ಕೈಯ ಹೆಬ್ಬೆರಳಿನ ಉಗುರನ್ನು ಅಲಗಿನ ಮೇಲಿನ ಗೀರಿಗೆ ಸಿಕ್ಕಿಸಿ, ಅಲಗನ್ನು ಪೂರ್ತಿ ಬಿಡಿಸಿ. ಅರ್ಧಕ್ಕೆ ನಿಲ್ಲಿಸಿ ಯಾರಿಗೂ ದಾಟಿಸಬೇಡಿ. ಈಗ ಉಂಗುರವನ್ನು ತಿರುಗಿಸಿ. ಅದರ ಬಾಯಿ ಅಲಗಿನಿಂದ ಆಚೆ ಹೋದಾಗ ಅಲಗು ಹಿಂದಕ್ಕೆ ಮಡಚದಂತೆ ತಡೆ ಬೀಳುತ್ತದೆ. ಬಿಗಿ ಅನಿಸಿದ ಕೂಡಲೇ ನಿಲ್ಲಿಸಿ. ಜಾಸ್ತಿ ಬಿಗಿದರೆ ಉಂಗುರ ಅಲಗಿಗೆ ಕಚ್ಚಿಕೊಂಡು ಮತ್ತೆ ಬಿಡಿಸಲು ಬಲ ಹಾಕಬೇಕಾಗುತ್ತದೆ. ಬಲ ಹಾಕುವ ಹೊತ್ತಿಗೆ ಕೈ ಜಾರುತ್ತದೆ.

ಮುಚ್ಚುವ ಕ್ರಮ ಇದು:

1. ಅಲಗು ಒರೆಸಿ. ಒದ್ದೆ ಅಲಗನ್ನು ಮರದೊಳಗೆ ಮಡಚಬಾರದು.
2. ಉಂಗುರದ ಬಾಯಿಯನ್ನು ಮತ್ತೆ ಸೀಳಿಗೆ ನೇರ ತನ್ನಿ.
3. ಹಿಡಿದ ಕೈಯ ಬೆರಳುಗಳೆಲ್ಲ ಸೀಳಿನ ದಾರಿಯಿಂದ ಆಚೆ ಇವೆಯೇ ಎಂದು ಕಣ್ಣಿಂದ ನೋಡಿ.
4. ಇನ್ನೊಂದು ಕೈಯ ಅಂಗೈಯಿಂದ ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿ ಮಡಚಿ. ತೊಡೆಗೆ ಒತ್ತಿ ಮುಚ್ಚುವ ಅಭ್ಯಾಸ ಬೇಡವೇ ಬೇಡ.
5. ಉಂಗುರವನ್ನು ಮತ್ತೆ ತಿರುಗಿಸಿ. 2000ದಿಂದೀಚೆಗೆ ಬಂದ ಉಂಗುರಗಳು ಮುಚ್ಚಿದಾಗಲೂ ಲಾಕ್ ಆಗುತ್ತವೆ. ಜೇಬಿಗೆ ಹಾಕುವ ಮುನ್ನ ಇದನ್ನು ಮರೆಯುವವರೇ ಜಾಸ್ತಿ.

ಮೂರನೆಯದನ್ನು ಬಿಟ್ಟು ಹೋಗುವುದರಿಂದಲೇ ತೋರುಬೆರಳಿಗೆ ಗಾಯವಾಗುತ್ತದೆ. ಮಾತಾಡುತ್ತಾ, ಟಿ.ವಿ. ನೋಡುತ್ತಾ ಚಾಕು ಮುಚ್ಚಬೇಡಿ.

ಉಂಗುರ ತಿರುಗುವಾಗ ಕರಕರ ಸದ್ದು ಬಂದರೆ ಒಳಗೆ ಧೂಳು ಸೇರಿದೆ. ಬ್ರಶ್ಶಿನಿಂದ ತಿಕ್ಕಿ, ಒಂದು ಹನಿ ಎಣ್ಣೆ ಬಿಡಿ. ಉಂಗುರ ತಾನಾಗಿಯೇ ಸುತ್ತುವಷ್ಟು ಸಡಿಲವಾಗಿದ್ದರೆ ಲಾಕ್ ಇಲ್ಲ ಎಂದೇ ತಿಳಿಯಿರಿ. ಸರಿಮಾಡುವ ತನಕ ಬಳಸಬೇಡಿ.

## ಹಂತ 3: ಹಿಡಿತ ಮತ್ತು ಎಳೆತ

ಈಳಿಗೆ ಮಣೆಯಲ್ಲಿ ಅಲಗು ನಿಂತಿರುತ್ತದೆ, ನಾವು ತರಕಾರಿಯನ್ನು ಅದರತ್ತ ತಳ್ಳುತ್ತೇವೆ. ಆ ಅಭ್ಯಾಸ ಇರುವ ಕೈಗೆ ಚಾಕು ಕೊಟ್ಟರೆ ಅಲಗನ್ನು ಹಿಡಿದುಕೊಂಡು ಮೇಲಿನಿಂದ ಒತ್ತುತ್ತದೆ. ತೆಳು ಅಲಗಿಗೆ ಇದು ಸರಿಯಲ್ಲ. ಅಲಗಿನ ಬುಡವನ್ನು ವಸ್ತುವಿಗೆ ತಾಗಿಸಿ, ಮೊನೆಯ ತನಕ ಉದ್ದಕ್ಕೆ ಎಳೆಯಬೇಕು. ಅಂಚು ಉದ್ದಕ್ಕೆ ಜಾರಿದಾಗ ಬಹಳ ಕಡಿಮೆ ಒತ್ತಡದಲ್ಲೇ ಕೊಯ್ಯುತ್ತದೆ. ಹಣ್ಣಾದ ಟೊಮೆಟೊದಲ್ಲಿ ಇದನ್ನು ಪರೀಕ್ಷಿಸಿ. ಒತ್ತಿದರೆ ಸಿಪ್ಪೆ ಒಳಗೆ ಬಗ್ಗಿ ರಸ ಚಿಮ್ಮುತ್ತದೆ. ಎಳೆದರೆ ಸಿಪ್ಪೆ ಮೊದಲೇ ಬಿಟ್ಟುಕೊಳ್ಳುತ್ತದೆ.

ದಿನದ ಕೆಲಸಕ್ಕೆ ಎರಡು ಹಿಡಿತ ಸಾಕು. ಹಲಗೆಯ ಮೇಲೆ ಕೊಯ್ಯುವಾಗ ಹಿಡಿಯನ್ನು ಅಂಗೈಯಲ್ಲಿ ಹಿಡಿದು ತೋರುಬೆರಳನ್ನು ಅಲಗಿನ ಬೆನ್ನಿನ ಮೇಲಿಡಿ. ಸಿಪ್ಪೆ ತೆಗೆಯುವಾಗ ಹಿಡಿಯನ್ನು ನಾಲ್ಕು ಬೆರಳಿನಿಂದ ಹಿಡಿದು, ಹೆಬ್ಬೆರಳನ್ನು ಹಣ್ಣಿನ ಮೇಲೆ ಅಲಗಿನ ದಾರಿಗಿಂತ ಕೆಳಗೆ ಊರಿ. ಅಲಗು ಹೆಬ್ಬೆರಳಿನತ್ತ ಬರುತ್ತದೆ, ಅದಕ್ಕೇ ಗಿಡ್ಡ ಗಿಡ್ಡ ಎಳೆತ. ಉದ್ದಕ್ಕೆ ಒಂದೇ ಸಲ ಸಿಪ್ಪೆ ಸುಲಿಯುವ ಚಂದ ನೋಡಲು ಹೋಗಬೇಡಿ.

ಕೈ ನೋಯುತ್ತಿದೆ, ಬೆರಳಿನ ಗೆಣ್ಣು ಬೆಳ್ಳಗಾಗಿದೆ ಎಂದರೆ ನೀವು ಒತ್ತುತ್ತಿದ್ದೀರಿ. ಆಗ ನಿಲ್ಲಿಸಿ. ಅಂಚು ಮೊಂಡಾಗಿರಬೇಕು, ಇಲ್ಲವೇ ಆ ಕೆಲಸ ಈ ಚಾಕುವಿನದಲ್ಲ.

## ಹಂತ 4: ಕೆಲಸದಿಂದ ಕೆಲಸಕ್ಕೆ

ಹಣ್ಣು. ಸೀಬೆ, ಸೇಬು, ಸೌತೆಕಾಯಿಗೆ ಈ ಅಲಗು ಹೇಳಿ ಮಾಡಿಸಿದ್ದು. ಮಾವಿನಹಣ್ಣನ್ನು ಹಲಗೆಯ ಮೇಲೆ ನಿಲ್ಲಿಸಿ, ವಾಟೆಯ ಪಕ್ಕದಲ್ಲಿ ಮೇಲಿನಿಂದ ಕೆಳಗೆ ಎಳೆಯಿರಿ. ಅಲಗು ವಾಟೆಗೆ ತಾಗಿದರೆ ಕೆರೆದ ಹಾಗೆ ಅನಿಸುತ್ತದೆ. ತಕ್ಷಣ ಸ್ವಲ್ಪ ಹೊರಕ್ಕೆ ಸರಿಸಿ. ಬೆಣ್ಣೆಹಣ್ಣಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಅಂಗೈಯಲ್ಲಿ ಅರ್ಧ ಹಣ್ಣು ಇಟ್ಟುಕೊಂಡು ಬೀಜಕ್ಕೆ ಮೊನೆ ಚುಚ್ಚಿ ತೆಗೆಯಲು ಹೋಗಿ ಅಂಗೈಗೆ ಇರಿದುಕೊಂಡು ಆಸ್ಪತ್ರೆ ಸೇರುವವರು ಜಗತ್ತಿನಾದ್ಯಂತ ಇದ್ದಾರೆ. ಬೀಜವನ್ನು ಚಮಚದಿಂದ ತೆಗೆಯಿರಿ.

ಹಲಸಿನ ತೊಳೆ ಬಿಡಿಸುವುದಾದರೆ ಅಲಗಿಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿ. ಇಲ್ಲದಿದ್ದರೆ ಮೇಣ ಹತ್ತಿ, ಅದು ಸೀಳಿನೊಳಗೆ ಹೋಗಿ, ಮಡಚಿದ ಅಲಗು ಅಲ್ಲೇ ಅಂಟಿಕೊಳ್ಳುತ್ತದೆ. ಹತ್ತಿದ ಮೇಣವನ್ನೂ ಎಣ್ಣೆಯಿಂದಲೇ ಬಿಡಿಸಬೇಕು, ಉಗುರಿನಿಂದ ಕೆರೆಯಬಾರದು. ಇಡೀ ಹಲಸಿನಹಣ್ಣು ಸೀಳುವುದಕ್ಕೆ ಕತ್ತಿ ಇದೆ.

ಪಾರ್ಸೆಲ್. ರಟ್ಟನ್ನು ಕತ್ತರಿಸಬೇಡಿ, ಟೇಪನ್ನು ಮಾತ್ರ ಕತ್ತರಿಸಿ. ರಟ್ಟಿನ ನಾರು, ಅದರಲ್ಲಿ ಸೇರಿದ ದೂಳು ಅಂಚನ್ನು ಬೇಗ ಸವೆಸುತ್ತವೆ. ಎರಡು ಮಡಿಕೆ ಸೇರುವ ಗೆರೆಯ ಮೇಲೆ ಮೊನೆಯ ಕೊನೆಯ ಅರ್ಧ ಸೆಂಟಿಮೀಟರ್ ಮಾತ್ರ ಇಳಿಸಿ, ಮಲಗಿಸಿದ ಹಾಗೆ ಎಳೆಯಿರಿ. ಆಳಕ್ಕೆ ಇಳಿಸಿದರೆ ಒಳಗಿರುವ ಸೀರೆಯೋ ಪುಸ್ತಕವೋ ಸೀಳಿಹೋಗುತ್ತದೆ. ಟೇಪಿನ ಅಂಟು ಅಲಗಿಗೆ ಹತ್ತಿದ್ದರೆ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ. ಅದೇ ಚಾಕುವಿನಿಂದ ಹಣ್ಣು ಕೊಯ್ಯುವವರು ಸೋಪು ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಬೇಕು.

ಅಕ್ಕಿ ಚೀಲ. ಚೀಲದ ಬಾಯನ್ನೇ ಕೊಯ್ದು ಬಿಸಾಡುವುದು ಬೇಡ. ಅದರ ಹೊಲಿಗೆ ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತದೆ, ಒಂದು ತುದಿಯಿಂದ ಮಾತ್ರ ಸರಾಗವಾಗಿ ಬಿಚ್ಚುತ್ತದೆ. ತುದಿಯಲ್ಲಿ ಉಳಿದ ದಾರವನ್ನು ಚಾಕುವಿನಿಂದ ಕತ್ತರಿಸಿ ಎಳೆದು ನೋಡಿ. ಸಿಕ್ಕಿಹಾಕಿಕೊಂಡರೆ ಬಲ ಹಾಕದೆ ಇನ್ನೊಂದು ತುದಿಗೆ ಹೋಗಿ. ಚೀಲವೂ ಉಳಿಯುತ್ತದೆ.

ದಾರ, ಹಗ್ಗ. ಅಲಗನ್ನು ದಾರದ ಕೆಳಗೆ ತೂರಿಸಿ ಮೇಲಕ್ಕೆ ಕಿತ್ತರೆ ದಾರ ತುಂಡಾದ ಕ್ಷಣ ಕೈ ಎತ್ತಲೋ ಹಾರುತ್ತದೆ. ಮುಖ ಆ ದಿಕ್ಕಿನಲ್ಲಿ ಇದ್ದರೆ? ದಾರವನ್ನು ಹಲಗೆಯ ಮೇಲಿಟ್ಟು ಎಳೆದು ಕತ್ತರಿಸಿ. ತೆಂಗಿನ ನಾರಿನ ದಪ್ಪ ಹಗ್ಗಕ್ಕೆ ಈ ಚಾಕು ಬೇಡ.

ಪೆನ್ಸಿಲ್. ಪೆನ್ಸಿಲ್ ಹಿಡಿದ ಕೈಯ ಹೆಬ್ಬೆರಳಿನಿಂದ ಅಲಗಿನ ಬೆನ್ನನ್ನು ಮುಂದಕ್ಕೆ ತಳ್ಳಿ. ಚಾಕು ಹಿಡಿದ ಕೈ ಅಲುಗಬಾರದು. ನಿಮ್ಮಿಂದ ಆಚೆಗೆ, ತೆಳು ತೆಳು ಸಿಪ್ಪೆ.

ಇನ್ನು ಮಾಡಲೇಬಾರದವು. ಅಡಿಕೆ ಕತ್ತರಿಸಲು ಅಡಕತ್ತರಿ, ಎಳನೀರಿಗೆ ಮಚ್ಚು, ಡಬ್ಬಿಯ ಮುಚ್ಚಳಕ್ಕೆ ಚಮಚದ ಹಿಡಿ, ಸ್ಕ್ರೂಗೆ ಸ್ಕ್ರೂಡ್ರೈವರ್. ಈ ಅಲಗಿನ ದಪ್ಪ 2 ಮಿಲಿಮೀಟರ್ ಕೂಡ ಇರುವುದಿಲ್ಲ, ಮೊನೆಯಲ್ಲಿ ಇನ್ನೂ ಕಡಿಮೆ. ಉದ್ದಕ್ಕೆ ಎಳೆಯುವ ಬಲವನ್ನು ಅದು ಚೆನ್ನಾಗಿ ತಾಳುತ್ತದೆ. ಪಕ್ಕಕ್ಕೆ ತಿರುಚಿದರೆ ಮುರಿಯುತ್ತದೆ. ಮುರಿದ ಮೊನೆಗಳೆಲ್ಲ ಏನನ್ನೋ ಎಬ್ಬಲು ಹೋಗಿ ಮುರಿದವು.

## ಹಂತ 5: ಕೆಲಸ ಮುಗಿದ ಮೇಲೆ

ನಲ್ಲಿಯ ಕೆಳಗೆ ಪೂರ್ತಿ ಚಾಕು ಹಿಡಿಯಬೇಡಿ. ಪಾತ್ರೆಗಳ ಜೊತೆ ನೆನೆಹಾಕಬೇಡಿ. ಡಿಶ್‌ವಾಶರ್‌ಗಂತೂ ಹಾಕಲೇಬಾರದು. ನೀರು ಕುಡಿದ ಮರ ಹಿಗ್ಗುತ್ತದೆ, ಬಿಸಿಗೆ ಒಣಗಿ ಬಿರುಕು ಬಿಡುತ್ತದೆ. ಅಲಗನ್ನು ಮಾತ್ರ ಸೋಪು ನೀರಿನ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ, ಅರ್ಧ ಗಂಟೆ ತೆರೆದೇ ಇಡಿ. ಮಕ್ಕಳ ಕೈಗೆ ಎಟುಕದ ಜಾಗದಲ್ಲಿ. ನಿಂಬೆ, ಹುಣಸೆ, ಉಪ್ಪು ತಾಗಿದ್ದರೆ ಸ್ಟೇನ್‌ಲೆಸ್ ಆದರೂ ತಡ ಮಾಡಬೇಡಿ.

ಅಲಗಿಗೆ ಕೊಬ್ಬರಿ ಎಣ್ಣೆಯ ತೆಳು ಪಸೆ ಸಾಕು. ಅಲಗು ಮಡಚುವ ಮೊಳೆಗೆ ತಿಂಗಳಿಗೊಮ್ಮೆ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಡಬಹುದು. ಅದು ತಿನ್ನುವ ಎಣ್ಣೆ ಅಲ್ಲ. ಹೊರಗೆ ಬಂದ ಎಣ್ಣೆಯನ್ನು ಪೂರ್ತಿ ಒರೆಸಿ.

## ಹಂತ 6: ಮಳೆಗಾಲದಲ್ಲಿ ಅಲಗು ಸಿಕ್ಕಿಕೊಂಡರೆ

ಜೂನ್ ಬಂತೆಂದರೆ ಇದೇ ಪ್ರಶ್ನೆ. ಮರದ ಹಿಡಿ ಗಾಳಿಯ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ. ಸೀಳಿನ ಎರಡೂ ಗೋಡೆಗಳು ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತವೆ. ಹೊರಗೆ ಬಾರದ ಅಲಗನ್ನು ಉಗುರಿನಿಂದ ಕಿತ್ತರೆ ಉಗುರು ಹೋಗುತ್ತದೆ. ಇಕ್ಕಳದಿಂದ ಎಳೆದರೆ ಅದು ಜಾರಿ ಅಂಚು ಕೈಗೆ ಬರುತ್ತದೆ.

ಫ್ರಾನ್ಸಿನ ಸವಾ ಪ್ರಾಂತ್ಯದಲ್ಲಿ ಈ ಚಾಕು ಹುಟ್ಟಿದ್ದು. ಅಲ್ಲಿಯವರು ಮಾಡುವ ಉಪಾಯ ಸರಳ. ಉಂಗುರದ ಲಾಕ್ ಬಿಡಿಸಿ. ಸೀಳು ಮೇಲಕ್ಕೆ ಬರುವಂತೆ ಹಿಡಿಯನ್ನು ಹಿಡಿದು, ಅದರ ಬಾಲದ ತುದಿಯನ್ನು ಮರದ ಮೇಜಿನ ಅಂಚಿಗೆ ಚುರುಕಾಗಿ ತಟ್ಟಿ. ಆ ಏಟಿಗೆ ಮೊನೆ ಸೀಳಿನಿಂದ ಸ್ವಲ್ಪ ಮೇಲೆ ಏಳುತ್ತದೆ. ಆಗ ಬೆನ್ನಿನ ಕಡೆಯಿಂದ ಚಿವುಟಿ ಬಿಡಿಸಿ. ಗ್ರಾನೈಟ್ ಕಲ್ಲಿಗೆ ತಟ್ಟಬೇಡಿ, ಹಿಡಿಯ ತುದಿ ಸೀಳುತ್ತದೆ.

ಬಿಡಿಸಿದ ಮೇಲೆ ತೆರೆದು, ಫ್ಯಾನಿನ ಗಾಳಿಗೆ ಒಂದೆರಡು ದಿನ ಇಡಿ. ಒಲೆಯ ಹತ್ತಿರ, ಬಿಸಿಲಿನಲ್ಲಿ ಇಟ್ಟು ಆತುರ ಮಾಡಿದರೆ ಮರ ಬಿರಿಯುತ್ತದೆ. ಮೈಕ್ರೋವೇವ್ ಬಗ್ಗೆ ಯೋಚನೆಯನ್ನೂ ಮಾಡಬೇಡಿ, ಒಳಗೆ ಲೋಹ ಇದೆ.

ಒಣಗಿದ ಮೇಲೂ ಬಿಗಿ ಇದ್ದರೆ ಮಾತ್ರ ಮರಳು ಕಾಗದ. 240 ನಂಬರಿನ ಕಾಗದವನ್ನು ತೆಳು ಉಕ್ಕಿನ ಸ್ಕೇಲಿಗೆ ಸುತ್ತಿ, ಉಂಗುರದ ಹತ್ತಿರ ಸೀಳಿನ ಒಳಗೋಡೆಗಳನ್ನು ಮೆಲ್ಲಗೆ ಉಜ್ಜಿ. ಐದಾರು ಸಲ ಉಜ್ಜಿ, ಮಡಚಿ ನೋಡಿ, ಮತ್ತೆ ಉಜ್ಜಿ. ಕೊನೆಗೆ 400ರಿಂದ ನಯ ಮಾಡಿ. ಇಲ್ಲಿ ಆತುರದವರು ಕೆಡುತ್ತಾರೆ. ಜುಲೈ ತೇವದಲ್ಲಿ ಸಲೀಸಾಗಿ ಆಡುವಷ್ಟು ಉಜ್ಜಿದರೆ, ಮಾರ್ಚ್ ತಿಂಗಳಲ್ಲಿ ಮರ ಒಣಗಿ ಅಲಗು ಲೊಡಲೊಡ ಅನ್ನುತ್ತದೆ. ಸ್ವಲ್ಪ ಬಿಗಿ ಉಳಿಸುವುದೇ ಜಾಣತನ.

ಶಾಶ್ವತ ಪರಿಹಾರಕ್ಕೆ ಹತ್ತಿರದ್ದು ಅಗಸೆ ಎಣ್ಣೆ. ಮಳೆಗೆ ಮುನ್ನ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಮರ ಚೆನ್ನಾಗಿ ಒಣಗಿರುವಾಗ ಹಚ್ಚಬೇಕು. ಏನೂ ಬೆರೆಸದ, ತಿನ್ನುವ ಅಗಸೆ ಎಣ್ಣೆಯೇ ಇರಲಿ. ಪೇಂಟ್ ಅಂಗಡಿಯ ಕಾಯಿಸಿದ ಎಣ್ಣೆಗೆ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಹಣ್ಣು ಕೊಯ್ಯುವ ಚಾಕುವಿಗೆ ಅದು ಬೇಡ. ಹಿಡಿಗೆ ವಾರ್ನಿಶ್ ಇದ್ದರೆ ಮೊದಲು 400ರ ಕಾಗದದಿಂದ ತೆಗೆಯಿರಿ, ಇಲ್ಲದಿದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿ. ಸೀಳಿನೊಳಗೂ ಕಡ್ಡಿಗೆ ಬಟ್ಟೆ ಸುತ್ತಿ ಹಚ್ಚಿ. ಒಣಗಲು ಕೆಲವು ದಿನ ಬೇಕು. ಹೀಗೆ ಮೂರು ಸಲ. ಈ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮರದ ರಂಧ್ರಗಳಲ್ಲಿ ಗಟ್ಟಿಯಾಗುತ್ತದೆ, ತೇವ ಒಳಗೆ ಹೋಗುವುದು ನಿಧಾನವಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ.

ಒಂದು ಗಂಭೀರ ಎಚ್ಚರಿಕೆ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಆ ಶಾಖ ಒಳಗೇ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿ ಇಡಿ, ಅಥವಾ ಬಯಲಿನಲ್ಲಿ ಬಿಡಿಸಿ ಹರವಿ ಗಟ್ಟಿಯಾಗುವ ತನಕ ಒಣಗಿಸಿ.

## ಹಂತ 7: ಸಾಣೆ

ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರಿಗೆ ಮಚ್ಚು, ಈಳಿಗೆ ಕೊಡಿ, ಈ ಚಾಕು ಕೊಡಬೇಡಿ. ಅವರ ಕೈಚಳಕದ ಬಗ್ಗೆ ಮಾತಲ್ಲ. ಇಷ್ಟು ತೆಳು ಅಂಚು ಒಣ ಚಕ್ರದ ಮೇಲೆ ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿಗೆ ತಿರುಗಿದರೆ ಉಕ್ಕಿನ ಹದ ಹೋಯಿತು ಎಂದರ್ಥ. ಆ ಜಾಗದಲ್ಲಿ ಹರಿತ ಮತ್ತೆ ನಿಲ್ಲುವುದಿಲ್ಲ.

ಮನೆಯಲ್ಲಿ 1000 ಗ್ರಿಟ್ ಕಲ್ಲನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಇಡಿ, ಜಾರಬಾರದು. ಅಲಗಿನ ಉಂಗುರ ಲಾಕ್ ಆಗಿರಲಿ. ಕೋನ ತಿಳಿಯಲು ಒಂದು ಕಾಗದದ ಮೂಲೆಯನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ. 90 ಹೋಗಿ 45, ಆಮೇಲೆ 22 ಚಿಲ್ಲರೆ ಡಿಗ್ರಿ. ಅದಕ್ಕಿಂತ ಸ್ವಲ್ಪ ಕಡಿಮೆ, 20ರ ಆಸುಪಾಸಿನಲ್ಲಿ ಅಲಗು ಮಲಗಲಿ. ಕೋನ ಎಷ್ಟು ಎನ್ನುವುದಕ್ಕಿಂತ ಅದು ಉದ್ದಕ್ಕೂ ಬದಲಾಗದಿರುವುದು ಮುಖ್ಯ.

ಬುಡದಿಂದ ಮೊನೆಯ ತನಕ, ಎಡಗೈ ಬೆರಳುಗಳ ಹಗುರ ಒತ್ತಡದಲ್ಲಿ ಎಳೆಯಿರಿ. ಒಂದೇ ಪಕ್ಕ ಮಸೆಯುತ್ತಾ ಹೋಗಿ. ಎಲ್ಲಿಯ ತನಕ? ಇನ್ನೊಂದು ಪಕ್ಕದಲ್ಲಿ ಉರುಟು, ಅಂದರೆ ಅಂಚಿನಲ್ಲಿ ಮಡಚಿಕೊಂಡ ಲೋಹದ ತೆಳು ಎಳೆ, ಏಳುವ ತನಕ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಅಡ್ಡಕ್ಕೆ ಜಾರಿಸಿದರೆ ಸಣ್ಣ ತಂತಿ ತಡೆದ ಹಾಗೆ ತಿಳಿಯುತ್ತದೆ. ಅಂಚಿನ ಉದ್ದಕ್ಕೆ ಬೆರಳು ಎಂದೂ ಎಳೆಯಬೇಡಿ. ಉರುಟು ಬುಡದಿಂದ ಮೊನೆವರೆಗೂ ಬಂದ ಮೇಲಷ್ಟೇ ಪಕ್ಕ ಬದಲಿಸಿ. ಬಹಳ ಜನ ಉರುಟು ಏಳುವ ಮುನ್ನವೇ ಪಕ್ಕ ಬದಲಿಸಿ, ಗಂಟೆಗಟ್ಟಲೆ ಉಜ್ಜಿ, ಕಲ್ಲು ಸರಿಯಿಲ್ಲ ಅನ್ನುತ್ತಾರೆ.

ಎರಡೂ ಪಕ್ಕ ಆದ ಮೇಲೆ ಒತ್ತಡ ಕಡಿಮೆ ಮಾಡುತ್ತಾ ಒಂದು ಆ ಕಡೆ, ಒಂದು ಈ ಕಡೆ ಎಳೆಯಿರಿ. ಕೊನೆಗೆ ಬೆಲ್ಟಿನ ಒಳಮೈ ಮೇಲೆ ಅಲಗಿನ ಬೆನ್ನು ಮುಂದಾಗಿ, ಅಂಚು ಹಿಂದಾಗಿ ಎಳೆದು ಉಳಿದ ಉರುಟು ತೆಗೆಯಿರಿ. ಮತ್ತೆ ಪತ್ರಿಕೆ, ಮತ್ತೆ ಟೊಮೆಟೊ. ಪತ್ರಿಕೆ ಒಂದೇ ಜಾಗದಲ್ಲಿ ಹರಿದರೆ ಅಲ್ಲಿ ಉರುಟು ಉಳಿದಿದೆ.

## ಹಂತ 8: ಒಯ್ಯುವಾಗ

ವಿಮಾನದ ಕ್ಯಾಬಿನ್ ಬ್ಯಾಗಿನಲ್ಲಿ ಬಿಡುವುದಿಲ್ಲ, ಚೆಕ್-ಇನ್ ಸಾಮಾನಿನಲ್ಲಿ ಸುತ್ತಿ ಇಡಿ. ಮೆಟ್ರೊದಲ್ಲಿ ಹೋಗುವ ದಿನ ಮನೆಯಲ್ಲೇ ಬಿಡಿ. ನಮ್ಮ ದೇಶದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಬಗ್ಗೆ ಹೇಳುತ್ತವೆ. ಮನೆ, ಕೃಷಿ ಕೆಲಸಕ್ಕೆಂದು ಮಾಡಿದವು ಅದರಿಂದ ಹೊರಗೆ. ಸ್ಲಿಮ್ ಚಾಕು ಈ ಅಳತೆಗೆ ಬಹಳ ಕೆಳಗಿದೆ. ಆದರೂ ನಿಷೇಧಾಜ್ಞೆ ಇರುವ ಊರಿನಲ್ಲಿ, ಜಾತ್ರೆ, ಸಭೆಗಳಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಗಮನಿಸಿ: ಅಲ್ಲಿ ಕಾರಣವಿಲ್ಲದೆ ಒಯ್ಯಬಹುದಾದದ್ದು 3 ಇಂಚಿನೊಳಗಿನ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಉಂಗುರದ ಲಾಕ್ ಇರುವ ಈ ಚಾಕು ಅದರಲ್ಲಿ ಬರುವುದಿಲ್ಲ.

## ಏನಾದರೂ ಆದರೆ

ಬೆರಳು ಕುಯ್ದರೆ ಅರಿಶಿನ, ಕಾಫಿಪುಡಿ ತುಂಬಬೇಡಿ. ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ, ಕೈ ಎತ್ತಿ ಹಿಡಿಯಿರಿ. ಪದೇ ಪದೇ ತೆಗೆದು ನೋಡಿದರೆ ರಕ್ತ ನಿಲ್ಲುವುದಿಲ್ಲ. ಬೆರಳು ಮಡಚಲು ಬಾರದಿದ್ದರೆ, ತುದಿ ಮರಗಟ್ಟಿದರೆ, ಹತ್ತು ನಿಮಿಷ ಒತ್ತಿದರೂ ರಕ್ತ ಬರುತ್ತಿದ್ದರೆ ಆಸ್ಪತ್ರೆಗೆ ಹೋಗಿ. ಗಾಯ ಸಣ್ಣದಾಗಿ ಕಂಡರೂ ಒಳಗಿನ ನರ ತುಂಡಾಗಿರಬಹುದು. ಟಿ.ಟಿ. ಇಂಜೆಕ್ಷನ್ ಯಾವಾಗ ಆಗಿತ್ತು ಎಂದು ಡಾಕ್ಟರಿಗೆ ಹೇಳಿ.

ಮೊನೆ ಮುರಿದರೆ ಚಾಕು ಬಿಸಾಡಬೇಡಿ. ಒಂದೆರಡು ಮಿಲಿಮೀಟರ್ ಹೋಗಿದ್ದರೆ ಅಲಗಿನ ಬೆನ್ನನ್ನು ಒರಟು ಕಲ್ಲಿನ ಮೇಲೆ, ನೀರು ಹಾಕುತ್ತಾ, ಮುರಿದ ತುದಿಯ ಕಡೆಗೆ ಇಳಿಜಾರಾಗಿ ಉಜ್ಜಿ. ಬೆನ್ನು ಕೆಳಗಿಳಿದು ಅಂಚನ್ನು ಸೇರಿದಾಗ ಹೊಸ ಮೊನೆ ಆಗುತ್ತದೆ. ಅಂಚಿನ ಕಡೆಯಿಂದ ಉಜ್ಜಿ ಮೊನೆ ಮಾಡಿದರೆ ಮಡಚಿದಾಗ ತುದಿ ಸೀಳಿನಿಂದ ಹೊರಗೆ ನಿಂತು ಜೇಬಿನಲ್ಲಿ ಚುಚ್ಚುತ್ತದೆ. ಆದ್ದರಿಂದ ಬೆನ್ನಿನಿಂದಲೇ ಉಜ್ಜಿ, ನಡುನಡುವೆ ಮಡಚಿ ತುದಿ ಪೂರ್ತಿ ಒಳಗೆ ಕೂರುತ್ತದೆಯೇ ನೋಡುತ್ತಾ ಹೋಗಿ.